ಓಬವ್ವಜ್ಜಿಯ ಎಡಗಣ್ಣು, ಬಲಗಣ್ಣು

೧೩ ನವೆಂಬರ್ ೧೯೭೮, ದಾವಣಗೆರೆ

ಅಪ್ಪಾ, ತಪ್ಪು ತಿಳಿಯಬೇಡಿ. ಈ ದಪ್ಪ ನೋಟ್‌ಬುಕ್ಕನ್ನು ನೀವು ಕೊಡಿಸಿದ್ದು ಫಿಸಿಯಾಲಜಿ ನೋಟ್ಸ್ ಬರೆಯಲಿ ಅಂತ. ಇದನ್ನು ನೀವು ಓದುವುದಿಲ್ಲ, ಯಾರೂ ಓದುವುದಿಲ್ಲ, ಆದರೂ ಕ್ಷಮೆ ಕೇಳದೆ ಪೆನ್ ಮುಂದೆ ಹೋಗುತ್ತಿಲ್ಲ. ಮೇಷ್ಟರ ಮಗಳು ಹಾಳೆ ವೇಸ್ಟ್ ಮಾಡಬಾರದು. ಸಾರಿ. ಆದರೆ ಎಲ್ಲಾದರೂ ಬರೆಯದಿದ್ದರೆ ನನಗೆ ಹುಚ್ಚು ಹಿಡಿಯುತ್ತೆ.

ಇವತ್ತು ಡಿಸೆಕ್ಷನ್ ಹಾಲ್‌ನಲ್ಲಿ ಮತ್ತೆ ಫೇಂಟ್ ಆದೆ. ಟೇಬಲ್ ಮೇಲೆ ಮಲಗಿಸಿದ್ದ ಮನುಷ್ಯನ ಹಿಮ್ಮಡಿ ಒಡೆದು ಹೋಗಿತ್ತು, ಥೇಟ್ ನಮ್ಮ ಮೂಕಪ್ಪ ಮಾವನ ಹಿಮ್ಮಡಿ. ಅದನ್ನು ನೋಡಿದ್ದೊಂದೇ ನೆನಪು. ಎದ್ದಾಗ ಎಲ್ಲರೂ ನಗುತ್ತಿದ್ದರು. "ಹನಿ ಈಸ್ ಡೌನ್ ಅಗೇನ್!" ಹಾಸ್ಟೆಲ್ ಸ್ಕೂಲ್ ಸೇರಿದಾಗಿನಿಂದ ನಾನು ಹನಿ. ಹನುಮಂತಮ್ಮ ಅನ್ನೋದು ಅಟೆಂಡೆನ್ಸ್‌ನಲ್ಲಿ ಮಾತ್ರ. ಅಜ್ಜಿಯ ಬಾಯಲ್ಲಿ ಹನುಮಿ.

ಐ ಕಾಂಟ್ ಡೂ ದಿಸ್. ನಮ್ಮ ಕೇರಿಯಿಂದ ಮೊದಲನೇ ಡಾಕ್ಟರ್ ಆಗ್ತಾಳೆ ಅಂತ ಅಪ್ಪ ಜಗಳೂರಿನಲ್ಲಿ ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಕ್ಲಾಸಿನಲ್ಲಿ ಇವತ್ತಿನವರೆಗೆ ನಾನು ಒಂದೇ ಒಂದು ಡೌಟ್ ಕೇಳಿಲ್ಲ. ಕೇಳೋಕೆ ಬಾಯಿ ಒಣಗುತ್ತೆ. ಬಿ.ಎಸ್ಸಿ. ಸೇರಬಹುದಿತ್ತು.

೨೬ ನವೆಂಬರ್, ನ್ಯಾಮತಿ

"ಅಜ್ಜಿಗೆ ಕಣ್ಣು ಪೂರ್ತಿ ಮಂಜಾಗೈತಂತೆ, ನೀನು ಡಾಕ್ಟ್ರು ಓದ್ತಿದೀಯ, ಹೋಗಿ ನೋಡು" ಅಂತ ಅಮ್ಮ ಹೇಳಿ ಕಳಿಸಿದ್ದಳು. ಕಣ್ಣಿನ ಬಗ್ಗೆ ನನಗೆ ಗೊತ್ತಿರೋದು ಸೊನ್ನೆ. ಆದರೂ ಬಸ್ ಹತ್ತಿದೆ.

ಅಜ್ಜಿ ಅಂದರೆ ಅಮ್ಮನ ತಾಯಿ, ಓಬವ್ವ. ಮೂಕಪ್ಪ ಮಾವನ ಮನೆಯ ಕಟ್ಟೆ ಮೇಲೆ ಕೂತಿದ್ದಳು.

"ಯಾರದು?"

"ನಾನು ಅಜ್ಜಿ."

"ಹನುಮಿಯೇನೇ? ದನಿ ಯಾಕೆ ಹಿಂಗೆ ಬಡವಾಗೈತೆ? ಹಾಸ್ಟ್ಲಾಗೆ ಅನ್ನ ಹಾಕ್ತಾರೋ, ಬರೇ ಇಂಗ್ಲೀಷ್ ಹಾಕ್ತಾರೋ?"

ಎಡಗಣ್ಣು ನಾನು ತೊಟ್ಟಿಲಲ್ಲಿದ್ದಾಗಲೇ ಹೋಗಿತ್ತು. ಬಲಗಣ್ಣಿನ ನಡುವೆ ಈಗ ಮಜ್ಜಿಗೆ ತೊಟ್ಟು ಬಿದ್ದ ಹಾಗೆ ಬೆಳ್ಳಗೆ. ಕೈ ಆಡಿಸಿದರೆ ನೆರಳು ಆಡಿದ್ದು ಗೊತ್ತಾಗುತ್ತೆ, ಅಷ್ಟೇ. ಅಜ್ಜಿಗೆ ಅದರಲ್ಲಿ ಒಂದೇ ಸಂಕಟ. ಅತ್ತೆ ನೀರಿಗೆ ಹೋದಾಗ ಮೆಲ್ಲಗೆ ಹೇಳಿದಳು: "ಬಯಲಿಗೆ ಹೋಗಾಕೆ ಸೊಸೆ ಕೈ ಹಿಡೀಬೇಕು. ಅವಳಿಗೆ ಪುರುಸೊತ್ತಾದಾಗ ನನಗೆ ಅವಸರ ಆಗಬೇಕು. ಒಬ್ಬಳೇ ಹೋಗಿ ಒಬ್ಬಳೇ ಬರಂಗೆ ಆದ್ರೆ ಸಾಕು ಕಣೇ. ಬೇರೆ ಏನೂ ನೋಡಬೇಕಾಗಿಲ್ಲ ನನಗೆ."

ಜನವರಿಯಲ್ಲಿ ಹೊನ್ನಾಳಿಯ ಛತ್ರದಲ್ಲಿ ಕಣ್ಣಿನ ಕ್ಯಾಂಪ್ ಇದೆಯಂತೆ. ಮಾವ ಮಂಡಿಯಲ್ಲಿ ಹಮಾಲಿ, ಅಲ್ಲಿ ಕೇಳಿಕೊಂಡು ಬಂದಿದ್ದಾನೆ. ಅಜ್ಜಿ ಒಪ್ಪುತ್ತಿಲ್ಲ.

"ಒಂದು ಸಲ ತೆಗಿಸಿದ್ದಾತಲ್ಲ! ಊರೂರು ತಿರುಗೋ ಪೊರೆಯೋನು ಬಂದಿದ್ದ. ಬಿಸಿಲಿಗೆ ಮುಖ ಮಾಡಿ ಹೊಸ್ತಿಲ ಮೇಲೆ ಕುಂಡ್ರಿಸಿ ಸೂಜಿ ಹಾಕಿದ. ಹಾಕಿದ ಗಳಿಗೆಗೆ ಬೆಳಕು! ಎದುರು ಮನೆ ಹಂಚು ಕಂಡ್ವು. ಉಗುರಿನ ಮೇಲೆ ಪೊರೆ ಇಟ್ಟು ತೋರಿಸಿದ, ತೆಳ್ಳಗೆ, ಹಾವಿನ ಪೊರೆ ಇದ್ದಂಗೆ. ಒಂದು ಹ್ಯಾಟೆ ಕೋಳಿ ಇಸ್ಕೊಂಡು ಹೋದ. ಹಬ್ಬ ಬರೋದ್ರೊಳಗೆ ತಲೆ ಸೀಳೋ ನೋವು, ಆಮೇಲೆ ಕತ್ತಲೆ. ಹಾವು ಪೊರೆ ಬಿಟ್ರೂ ಮತ್ತೆ ಬರ್ತೈತೆ. ಇದೂ ಹಂಗೇ."

ಬಾಯಿಗೆ ಬಂದದ್ದು ಹೇಳಿದೆ.

"ಈಗಿನ ಡಾಕ್ಟರು ಸರಿಯಾಗಿ ತೆಗೀತಾರೆ ಅಜ್ಜಿ. ಕಣ್ಣು ಮುಟ್ಟೋದೇ ಇಲ್ಲ. ಮೇಲಿನ ಪೊರೆ ಸುಲಿದು ಬಿಸಾಕ್ತಾರೆ."

"ಮೇಲಿಂದಷ್ಟೇನಾ?"

"ಮೇಲಿಂದಷ್ಟೇ."

ಅಜ್ಜಿ ನನ್ನ ಗಲ್ಲ ತಡವಿದಳು. "ನೀನು ಓದಿದಾಕಿ. ನೀನಂದ್ರೆ ಬರ್ತೀನಿ."

೫ ಡಿಸೆಂಬರ್, ದಾವಣಗೆರೆ

ಇವತ್ತು ಎತ್ತಿನ ಕಣ್ಣು ಕೊಟ್ಟಿದ್ದರು, ಇಬ್ಬರಿಗೆ ಒಂದು. ಕತ್ತರಿಸುವಾಗ ಮುಖ ಆ ಕಡೆ ತಿರುಗಿಸಿಕೊಂಡೆ. ಆಮೇಲೆ ಪಾರ್ಟ್‌ನರ್ ಒತ್ತಿದ ತಕ್ಷಣ ಪುಳಕ್ಕನೆ ಏನೋ ಹೊರಗೆ ಜಾರಿ ನನ್ನ ಅಂಗೈಗೆ ಬಿತ್ತು.

ಲೆನ್ಸ್. ಎಷ್ಟು ಕ್ಲಿಯರ್ ಅಂದರೆ ನನ್ನ ಅಂಗೈ ಗೆರೆ ಅದರೊಳಗಿಂದ ದಪ್ಪವಾಗಿ ಕಾಣುತ್ತಿತ್ತು. ಟೇಬಲ್ ಮೇಲೆ ಹಾಸಿದ್ದ ಪೇಪರ್ ಮೇಲಿಟ್ಟೆ, ಅಕ್ಷರ ಎದ್ದು ಬಂದವು. ಸತ್ತ ಎತ್ತಿನ ಕಣ್ಣಿಂದ ನಾನು ನ್ಯೂಸ್ ಓದಿದೆ! ಅದರಲ್ಲಿ ರಕ್ತ ಇಲ್ಲ, ನರ ಇಲ್ಲ. ನೀರು ಗಟ್ಟಿಯಾಗಿ ನೋಡುವುದನ್ನು ಕಲಿತ ಹಾಗೆ ಇತ್ತು.

ಡೆಮಾನ್‌ಸ್ಟ್ರೇಟರ್ ಅದನ್ನು ಎತ್ತಿ ಬಿಸಿ ನೀರಿಗೆ ಹಾಕಿದರು. ನೋಡುತ್ತಿದ್ದ ಹಾಗೇ ಬೇಯಿಸಿದ ಮೊಟ್ಟೆಯ ಬಿಳಿಯಂತೆ ಬೆಳ್ಳಗಾಯಿತು.

"ವಯಸ್ಸಾದವರ ಕಣ್ಣೊಳಗೆ ಇದೇ ನಿಧಾನಕ್ಕೆ ಆಗೋದು. ಕ್ಯಾಟರಾಕ್ಟ್ ಅಂದರೆ ಇದು. ನಮ್ಮ ಜನ ಪೊರೆ ಅಂತಾರೆ. ಕಣ್ಣಿನ ಮೇಲೆ ಯಾವ ಪೊರೆಯೂ ಬೆಳೆಯಲ್ಲ. ಲೆನ್ಸೇ ಹೀಗಾಗುತ್ತೆ. ಲೆನ್ಸನ್ನೇ ತೆಗೀಬೇಕು."

ಮೇಲಿಂದಷ್ಟೇ ಅಂದಿದ್ದೆ. ಓ ಗಾಡ್.

೭ ಡಿಸೆಂಬರ್

ಲೈಬ್ರರಿಯಲ್ಲಿ ಎರಡು ದಿನ ಕಣ್ಣಿನ ಪುಸ್ತಕ ಓದಿದೆ. ಟೆಸ್ಟ್ ಇರೋದು ಕಾಲಿನ ಮಸಲ್ಸ್ ಮೇಲೆ. ಇರಲಿ.

ತಪ್ಪು ನನ್ನೊಬ್ಬಳದೇ ಅಲ್ಲ. ಇಡೀ ಲೋಕ ಸಾವಿರಾರು ವರ್ಷ ಪೊರೆ ಅಂತಲೇ ನಂಬಿತ್ತು. ಯೂರೋಪಿನ ದೊಡ್ಡ ದೊಡ್ಡ ಪಂಡಿತರೂ ಲೆನ್ಸ್‌ನ ಮುಂದೆ ಒಂದು ತೆರೆ ಇಳಿಯುತ್ತೆ ಅಂತಲೇ ತಿಳಿದಿದ್ದರು. ೧೭೦೫ರಲ್ಲಿ ಬ್ರಿಸೋ ಅನ್ನೋ ಫ್ರೆಂಚ್ ಡಾಕ್ಟರಿಗೆ ಒಬ್ಬ ಸೈನಿಕನ ಹೆಣ ಸಿಕ್ಕಿತು, ಕಣ್ಣಲ್ಲಿ ಪೊರೆ ಇದ್ದ ಹೆಣ. ಆ ಸತ್ತ ಕಣ್ಣಿಗೆ ಸೂಜಿ ಹಾಕಿ, ಬದುಕಿದ್ದವರಿಗೆ ಮಾಡುವ ಹಾಗೇ ಪೊರೆಯನ್ನು ತಳ್ಳಿದ. ಆಮೇಲೆ ಕಣ್ಣು ಬಿಡಿಸಿ ನೋಡಿದರೆ ಒಳಗೆ ಪೊರೆ ಎಲ್ಲಿದೆ? ತಳ್ಳಿಸಿಕೊಂಡು ಕೆಳಗೆ ಬಿದ್ದಿದ್ದು ಲೆನ್ಸ್!

ಸೂಜಿಯ ವಿದ್ಯೆ ನಮ್ಮ ಸುಶ್ರುತನ ಗ್ರಂಥದಲ್ಲೇ ಇದೆ. ಜವೆಗೋಧಿಯ ಮೊನೆಯಂಥ ಸಲಾಕೆ. ಆದ ಮೇಲೆ ರೋಗಿ ಸೀನಬಾರದು, ಕೆಮ್ಮಬಾರದು, ತೇಗಬಾರದು, ಉಗುಳಬಾರದು. ಅಜ್ಜಿಗೆ ಸೂಜಿ ಹಾಕಿದವನ ಕೈಯಲ್ಲಿ ಇದ್ದದ್ದೂ ಅದೇ ವಿದ್ಯೆ, ಎರಡು ಸಾವಿರ ವರ್ಷ ಕೈಯಿಂದ ಕೈಗೆ ದಾಟಿ ನ್ಯಾಮತಿಯ ಹೊಸ್ತಿಲಿಗೆ ಬಂದದ್ದು. ಅವರು ಪೊರೆ ತೆಗೆಯುತ್ತಲೇ ಇರಲಿಲ್ಲ. ಕಣ್ಣೊಳಗೇ ಬದಿಗೆ ಸರಿಸುತ್ತಿದ್ದರು. ಒಳಗೇ ಉಳಿದದ್ದು ಎಷ್ಟೋ ಸಲ ಕೆರಳಿ ಕಣ್ಣನ್ನೇ ಕೊಲ್ಲುತ್ತಿತ್ತಂತೆ.

ಹಾಗಾದರೆ ಉಗುರಿನ ಮೇಲೆ ತೋರಿಸಿದ್ದು ಏನು?

ಇನ್ನೊಂದು ಸಂಗತಿ ಓದಿದೆ. ೧೮೮೪ರವರೆಗೆ ಕಣ್ಣಿಗೆ ಮರಗಟ್ಟಿಸುವ ಮದ್ದು ಇರಲಿಲ್ಲ. ವಿಯೆನ್ನಾದ ಕೋಲರ್ ಅನ್ನೋ ಚಿಕ್ಕ ವಯಸ್ಸಿನ ಡಾಕ್ಟರು ಕೊಕೇನ್ ಹನಿಯನ್ನು ತನ್ನ ಕಣ್ಣಿಗೇ ಬಿಟ್ಟುಕೊಂಡು, ಗುಂಡುಪಿನ್ನಿನ ತಲೆಯಿಂದ ತನ್ನ ಕಣ್ಣನ್ನೇ ಮುಟ್ಟಿ ನೋಡಿದ. ಏನೂ ಗೊತ್ತಾಗಲಿಲ್ಲ. ಅದಕ್ಕೆ ಮೊದಲು ಕೈಕಾಲು ಹಿಡಿದು ಕೂರಿಸಿಕೊಂಡು ಮಾಡುತ್ತಿದ್ದರಂತೆ, ಎಚ್ಚರ ಇದ್ದವರಿಗೆ.

೨೦ ಡಿಸೆಂಬರ್

ಹೇಳಿದರೆ ಅಜ್ಜಿ ಬರುವುದಿಲ್ಲ. ಹೇಳದಿದ್ದರೆ ಬರುತ್ತಾಳೆ.

೨೯ ಡಿಸೆಂಬರ್, ಜಗಳೂರು

ರಜಾ. ಅಪ್ಪ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಹೊರಗೆ ಕುರಿ ಹಿಂಡು ದಾಟುತ್ತಿತ್ತು, ಧೂಳೋ ಧೂಳು. ಸುಮ್ಮನೆ ಕೇಳುವ ಹಾಗೆ ಕೇಳಿದೆ.

"ಅಪ್ಪ, ಮೇಷ್ಟ್ರು ತಪ್ಪು ಹೇಳಿಕೊಟ್ರೆ ಏನು ಮಾಡ್ತಾರೆ?"

"ಮಾರನೇ ದಿನ ಬೋರ್ಡ್ ಮೇಲೆ ಸರಿ ಬರೀತಾರೆ. ಹುಡುಗರು ನಗ್ತಾರೆ. ನಗಲಿ." ಒಂದು ಕಾಯಿ ಒಡೆದು ನನ್ನ ಬಾಯಿಗೆ ಹಾಕಿದರು. "ಯಾರಿಗೆ ಏನು ಹೇಳಿಕೊಟ್ಟೆ?"

ಬುಟ್ಟಿ ಎಳೆದುಕೊಂಡು ನಾನೂ ಕಾಯಿ ಬಿಡಿಸಲು ಕೂತೆ.

೧೬ ಜನವರಿ ೧೯೭೯, ಹೊನ್ನಾಳಿ

ಸಂಕ್ರಾಂತಿ ಮುಗಿಸಿ ಬಂದ ಜನ. ಛತ್ರದ ತುಂಬ ಮುದುಕರು, ಮುದುಕಿಯರು. ಒಳಗೆ ಹುಲ್ಲು ಹರವಿ ಜಮಖಾನ ಹಾಸಿದ್ದಾರೆ. ಶಿವಮೊಗ್ಗದಿಂದ ಬಂದ ಕಣ್ಣಿನ ಡಾಕ್ಟರ ಹೆಸರು ಷಣ್ಮುಖಪ್ಪ. ಕುಳ್ಳಗಿದ್ದಾರೆ, ಮಾತು ಜಾಸ್ತಿ.

"ಮೆಡಿಕಲ್ ಓದ್ತೀಯಾ? ಎಷ್ಟನೇ ವರ್ಷ?"

"ಫಸ್ಟ್ ಇಯರ್ ಸಾರ್. ನನಗೆ ಏನೂ ಬರಲ್ಲ."

"ಕೈ ಎರಡೂ ಇವೆಯಲ್ಲ, ಸಾಕು. ಇಲ್ಲೇ ಇರು."

ಅಜ್ಜಿಯ ಬಲಗಣ್ಣು ನೋಡಿ "ಹಣ್ಣಾಗಿದೆ, ತೆಗೆಯಬಹುದು" ಅಂದರು. ಎಡಗಣ್ಣಿಗೆ ಮದ್ದಿನ ಹನಿ ಬಿಟ್ಟು, ಸ್ವಲ್ಪ ಹೊತ್ತು ಕಾದು, ಒಳಗೆ ನೋಡುವ ಸಣ್ಣ ದೀಪದ ಯಂತ್ರದಿಂದ ನೋಡಿದರು. ಆಮೇಲೆ ಯಂತ್ರವನ್ನು ನನ್ನ ಕೈಗೆ ಕೊಟ್ಟರು.

"ನೋಡು. ಇನ್ನು ಹತ್ತಿಪ್ಪತ್ತು ವರ್ಷಕ್ಕೆ ಇದನ್ನು ನೋಡಿದ್ದೇನೆ ಅನ್ನೋ ಡಾಕ್ಟರೇ ಸಿಗಲ್ಲ."

ಮೊದಲು ಏನೂ ಕಾಣಲಿಲ್ಲ, ನನ್ನ ಕಣ್ಣೆವೆಯೇ ಅಡ್ಡ ಬರುತ್ತಿತ್ತು. ಆಮೇಲೆ ಕೆಂಪು ಬೆಳಕಿನ ಒಂದು ದುಂಡು ಬಾವಿ. ಅದರ ತಳದಲ್ಲಿ ಬೂದು ಬಣ್ಣದ ಒಂದು ಬಿಲ್ಲೆ. ಅಜ್ಜಿ ಕಣ್ಣು ಹೊರಳಿಸಿದಳು. ಬಿಲ್ಲೆ ಮೆಲ್ಲಗೆ ಅಲುಗಿ ಮತ್ತೆ ಕೂತಿತು, ನೀರು ಕಲಕಿದಾಗ ಬಾವಿಗೆ ಬಿದ್ದ ಕೊಡ ಅಲುಗಿದ ಹಾಗೆ.

ಅಲ್ಲೇ ಇದೆ. ತೆಗೆದೆ ಅಂತ ಅವನು ಕೋಳಿ ಹಿಡಿದುಕೊಂಡು ಹೋದನಲ್ಲ, ಅದು ನನ್ನ ವಯಸ್ಸಿನಷ್ಟು ವರ್ಷ ಅಜ್ಜಿಯ ಕಣ್ಣೊಳಗೇ ಮುಳುಗಿ ಕೂತಿದೆ. ಪುಸ್ತಕದಲ್ಲಿ ಓದಿದ ಎರಡು ಸಾವಿರ ವರ್ಷವನ್ನು ನಾನು ಇವತ್ತು ಒಂದು ಕಿಂಡಿಯಲ್ಲಿ ನೋಡಿದೆ. ಬಿಡದೆ ನೋಡುತ್ತಲೇ ಇದ್ದೆ, ಕೊನೆಗೆ ಡಾಕ್ಟರೇ ಯಂತ್ರ ವಾಪಸ್ ಇಸ್ಕೊಂಡರು.

ಮಧ್ಯಾಹ್ನ ಅಜ್ಜಿಯನ್ನು ಛತ್ರದ ಹಿಂದಿನ ಕಟ್ಟೆಗೆ ಕರೆದುಕೊಂಡು ಹೋಗಿ ಎಲ್ಲಾ ಹೇಳಿಬಿಟ್ಟೆ. ಪೊರೆ ಅನ್ನೋದೇ ಇಲ್ಲ. ನೋಡೋ ಕಾಳೇ ಬೆಳ್ಳಗಾಗಿದೆ. ಕಣ್ಣು ಕೊಯ್ದು ಆ ಕಾಳನ್ನೇ ತೆಗೀತಾರೆ. ಹಳೇ ಕಾಳು ಎಡಗಣ್ಣಲ್ಲೇ ಇದೆ, ನಾನೇ ನೋಡಿದೆ.

ಅಜ್ಜಿ ಎಡಗಣ್ಣಿನ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದಳು.

"ಹಂಗಾದ್ರೆ ಉಗುರ ಮೇಲೆ ತೋರಿಸಿದ್ದು?"

"ಈರುಳ್ಳಿ ಪದರ ಇರಬೇಕು ಅಂತಾರೆ ಡಾಕ್ಟರು."

"ಎಲಾ ಇವನ! ಈರುಳ್ಳಿ ಸಿಪ್ಪೆಗೆ ಹ್ಯಾಟೆ ಕೊಟ್ಟೆನಲ್ಲೇ! ಮೊಟ್ಟೆ ಇಡೋ ಹ್ಯಾಟೆ!" ನಕ್ಕಳು. ನಗು ನಿಂತ ಮೇಲೆ ನನ್ನ ಕಡೆ ಮುಖ ತಿರುಗಿಸಿದಳು. "ನೀನೂ ಮೇಲಿಂದಷ್ಟೇ ಅಂದಿದ್ದೆ."

"ನನಗೂ ಗೊತ್ತಿರಲಿಲ್ಲ ಅಜ್ಜಿ."

"ನಾನು ಒಲ್ಲೆ. ಇರೋದೊಂದು. ನೆರಳಾದ್ರೂ ಕಾಣ್ತೈತೆ."

ಮಾವ ಕೆಂಡವಾದ. "ಒಂದು ದಿನದ ಕೂಲಿ ಬಿಟ್ಟು ಎಳಕೊಂಡು ಬಂದೀನಿ, ನೀನ್ಯಾಕೆ ಹೇಳಾಕೆ ಹೋದೆ? ಓದಿದ್ದು ಹೆಚ್ಚಾತು ನಿಂಗೆ! ಮಲಗಿಸಿ ಕೊಯ್ದ ಮೇಲೆ ಹೇಳಿದ್ರೆ ಆಗ್ತಿರಲಿಲ್ಲೇನು?"

ನಾನು ಅಳುತ್ತಾ ಕೂತೆ. ಅಜ್ಜಿಯೇ ಸ್ವಲ್ಪ ಹೊತ್ತಿನ ಮೇಲೆ ಅಂದಳು: "ಮೂಕಾ, ಅವಳನ್ನ ಬೈಬೇಡ. ಹೇಳಾಕೆ ಅವಳೊಬ್ಬಳಾದ್ರೂ ಇದ್ದಾಳಲ್ಲ. ಏ ಹನುಮಿ, ನಿನ್ನ ಡಾಕ್ಟ್ರನ್ನ ಕೇಳು. ಈ ಸಲ ತೆಗೆದಿದ್ದು ನನ್ನ ಕೈಗೆ ಬರಬೇಕು. ಇಡಿಯಾಗಿ. ನಾನು ಮುಟ್ಟಿ ನೋಡ್ತೀನಿ. ಆಗ್ತೈತೆ ಅಂದ್ರೆ ಮಲಗ್ತೀನಿ. ಇಲ್ಲಾ, ಸಂಜೆ ಬಸ್ಸಿಗೆ ಹೋಗಾನ."

ಡಾಕ್ಟರು ಅವರೆಕಾಳಿನ ಉಪ್ಪಿಟ್ಟು ತಿನ್ನುತ್ತಿದ್ದರು. ಬೈತಾರೆ ಅಂದುಕೊಂಡಿದ್ದೆ, ಖುಷಿಯಾದರು.

"ನಿಮ್ಮಜ್ಜಿ ಅದೃಷ್ಟವಂತೆ. ಇದನ್ನು ಇನ್ನೂರು ವರ್ಷದ ಹಿಂದೆ ಕೇಳಿದ್ದರೆ ಯಾರಿಂದಲೂ ಕೊಡೋಕೆ ಆಗ್ತಿರಲಿಲ್ಲ." ತಟ್ಟೆಯಿಂದ ಒಂದು ಅವರೆಕಾಳು ಎತ್ತಿ ಬೆರಳಲ್ಲಿ ಒತ್ತಿದರು. ಬೇಳೆ ಚಿಮ್ಮಿತು, ಸಿಪ್ಪೆ ಬೆರಳಲ್ಲಿ ಉಳಿಯಿತು. "ಹಿದುಕಿದ ಬೇಳೆ. ಫ್ರಾನ್ಸಿನಲ್ಲಿ ದಾವಿಯೆಲ್ ಅಂತ ಒಬ್ಬ, ಸೂಜಿ ಸೋತ ಒಂದು ದಿನ, ಧೈರ್ಯ ಮಾಡಿ ಕಣ್ಣು ಕೊಯ್ದು ಹೀಗೆ ಹಿದುಕಿ ತೆಗೆದ. ಲೋಕದಲ್ಲಿ ದೊಡ್ಡ ತಿರುವು ಅದು. ಆದರೆ ಬೇಳೆ ಬಂತು, ಸಿಪ್ಪೆ ಒಳಗೇ ಉಳೀತು. ಚೂರುಪಾರು ಉಳೀತು. ಎಷ್ಟೋ ಸಲ ಅದೇ ಮತ್ತೆ ಮಬ್ಬಾಗ್ತಿತ್ತು. ಆಮೇಲೆ ಬಂದವರಿಗೆ ಇದೇ ಹಟ, ಸಿಪ್ಪೆ ಸಮೇತ ಇಡೀ ಕಾಳು ಹೇಗೆ ತೆಗೆಯೋದು? ಚಿಮಟ ಹಾಕಿ ಎಳೆದರು, ಸಿಪ್ಪೆ ಹರೀತು. ಬಟ್ಟಲು ಅಂಟಿಸಿ ಗಾಳಿಯಿಂದ ಹೀರಿದರು. ಈಗ ಹದಿನೇಳು ಹದಿನೆಂಟು ವರ್ಷದ ಹಿಂದೆ ಪೋಲೆಂಡಿನ ಒಬ್ಬ ಡಾಕ್ಟರಿಗೆ ದಾರಿ ಹೊಳೀತು. ಐಸ್‌ಕ್ಯಾಂಡಿ ನಾಲಿಗೆಗೆ ಅಂಟಿಕೊಳ್ಳುತ್ತಲ್ಲ?"

"ಹೌದು ಸಾರ್."

"ಅಷ್ಟೇ. ನಾಳೆ ನೋಡುವೆಯಂತೆ. ಇಡಿಯಾಗಿ ಬರುತ್ತೆ ಅಂತ ಅಜ್ಜಿಗೆ ಹೇಳು. ಬರದಿದ್ದರೆ ಬರಲಿಲ್ಲ ಅಂತಾನೂ ಹೇಳ್ತೀನಿ ಅಂತ ಹೇಳು."

ಹೇಳಿದೆ. ಅಜ್ಜಿ ಒಪ್ಪಿದ್ದು 'ಬರಲಿಲ್ಲ ಅಂತಾನೂ ಹೇಳ್ತೀನಿ' ಅನ್ನೋ ಮಾತಿಗೇ.

೧೭ ಜನವರಿ

ಬೆಳಿಗ್ಗೆ ಕರೆಂಟ್ ಇರಲಿಲ್ಲ. "ಟಾರ್ಚ್ ಹಿಡಿ, ಬೆಳಕು ಕಣ್ಣಿನ ಮೇಲೆ ಬಿಟ್ಟು ಎಲ್ಲೂ ಹೋಗಬಾರದು" ಅಂದರು ಡಾಕ್ಟರು.

ಕಣ್ಣುಗುಡ್ಡೆಯ ಹಿಂದೆ ಮರಗಟ್ಟಿಸುವ ಮದ್ದಿನ ಸೂಜಿ, ಸ್ವಲ್ಪ ದೊಡ್ಡದೇ. ಅಜ್ಜಿ "ಹ್ಞೂಂ" ಅಂದಳು, ಅಷ್ಟೇ. ಕಪ್ಪು ಬಿಳಿ ಸೇರುವ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಕೊಯ್ದರು. ಕಣ್ಣಿನ ಗಾಜು ಬಾಗಿಲಿನಂತೆ ತೆರೆಯಿತು. ಒಳಗೆ ಬೆಳ್ಳಗಿನ ಕಾಳು. ತಣ್ಣನೆಯ ಗ್ಯಾಸಿನ ಸಿಲಿಂಡರಿಗೆ ಕೊಳವೆ ಸೇರಿಸಿದ ಪೆನ್ಸಿಲ್‌ನಂಥ ಕಡ್ಡಿಯ ತುದಿಯನ್ನು ಅದಕ್ಕೆ ತಾಕಿಸಿದರು. ಕಡ್ಡಿಯ ತುದಿಯಿಂದ ಇಬ್ಬನಿ ಹಬ್ಬಿದ ಹಾಗೆ ಬಿಳಿ ಹಬ್ಬಿತು. ಅಂಟಿತು.

"ಅಜ್ಜಿ, ಅಲುಗಾಡಬೇಡ್ರಿ. ನಿಮ್ಮ ಮಾಲು ನಿಮ್ಮ ಕೈಗೆ ಬರ್ತಾ ಐತೆ."

ಎಳೆಯಲಿಲ್ಲ. ಆ ಕಡೆ ಈ ಕಡೆ ಮೆಲ್ಲಗೆ ತೂಗಿದರು, ಮಗುವಿನ ಬಾಯಿಂದ ಮೊಲೆ ಬಿಡಿಸುವಾಗ ಅಮ್ಮಂದಿರು ಮಾಡುವ ಹಾಗೆ. ಸಿಪ್ಪೆ ಒಡೆದರೆ ಎಲ್ಲಾ ಮುಗಿಯಿತು. ಒಡೆಯಲಿಲ್ಲ. ಇಡೀ ಕಾಳು ಜಾರಿ ಆಚೆ ಬಂತು, ಹುಟ್ಟಿದ ಹಾಗೆ. ಅದು ಬಂದ ಜಾಗ ಕಪ್ಪಗೆ, ಆಳವಾಗಿ, ಹೊಳೆಯುತ್ತಿತ್ತು. ಅಷ್ಟು ಸ್ವಚ್ಛವಾದ ಕಪ್ಪನ್ನು ನಾನು ಎಲ್ಲೂ ನೋಡಿಲ್ಲ.

ಹೊಲಿಗೆ ಹಾಕಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಟಾರ್ಚ್ ಕೆಳಗಿಟ್ಟ ಮೇಲೆ ಬೆರಳು ನೆಟ್ಟಗಾಗಲಿಲ್ಲ, ಜೋಮು. ಮಧ್ಯಾಹ್ನದವರೆಗೆ ಉಳಿದವರಿಗೂ ನಾನೇ ಹಿಡಿದೆ. ಊಟ ಮಾಡಿದ್ದು ನೆನಪಿಲ್ಲ.

ಅಜ್ಜಿ ಸ್ವಲ್ಪ ಸುಧಾರಿಸಿಕೊಳ್ಳಲಿ, ಸಂಜೆ ಕೊಡು ಅಂದರು ಡಾಕ್ಟರು. ಕಾಳನ್ನು ಉಪ್ಪುನೀರಿನ ಬಟ್ಟಲಲ್ಲಿ ಇಟ್ಟುಕೊಂಡೆ.

ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ಹೆಂಗಸರನ್ನೆಲ್ಲ ಸಾಲಾಗಿ ಮಲಗಿಸಿದ್ದರು. ಕಾಂಪೌಂಡರ್ ಪಾಲಣ್ಣ ಬಾಗಿಲಲ್ಲಿ ನಿಂತು ಕೂಗುತ್ತಿದ್ದ: "ಕೆಮ್ಮಬಾರದು! ಉಗುಳಬಾರದು! ಸೀನು ಬಂದ್ರೆ ಬಾಯಿ ತೆಗೀರಿ!" ಸುಶ್ರುತನೇ ಬಂದು ಕೂಗಿದ ಹಾಗಾಯಿತು ನನಗೆ.

"ಒಂಟಿ ಸೀನು ಅಪಶಕುನ ಕಣಪ್ಪ, ಬಂದ್ರೆ ಎರಡು ಬರಲಿ" ಅಂದರು ಅಜ್ಜಿಯ ಪಕ್ಕದ ಹಾಸಿಗೆಯವರು.

"ಎರಡನೇದಕ್ಕೆ ಕಣ್ಣೇ ಆಚೆ ಬರ್ತೈತೆ, ಸುಮ್ಕಿರ್ರಿ!"

ಆ ಪಕ್ಕದವರು ಚನ್ನಗಿರಿಯ ಪ್ರೇಮಮ್ಮ. ಅವರದೂ ಬೆಳಿಗ್ಗೆಯೇ ಆಗಿತ್ತು, ಅವರಿಗೂ ಎರಡು ಕಣ್ಣಿಗೂ ಪಟ್ಟಿ. ಸೂರು ನೋಡಿಕೊಂಡು ಮಲಗಿದವರ ಹಾಗೆ ಇಬ್ಬರೂ ಮಾತಿಗೆ ಶುರು ಮಾಡಿದರು.

"ಯಾವೂರವ್ವ?"

"ನ್ಯಾಮತಿ. ನಿಮ್ದು?"

"ಚನ್ನಗಿರಿ. ಅಡಿಕೆ ವ್ಯಾಪಾರ ನಮ್ದು. ನೀವು ಯಾವ ಪೈಕಿ?"

ಜಾತಿ ಯಾವುದು ಅಂತ ಕೇಳಿದ್ದು. ಅಜ್ಜಿ ತಡ ಮಾಡಲಿಲ್ಲ.

"ಇವತ್ತು ಕುರುಡರ ಪೈಕಿ ಕಣವ್ವ. ನೀವೂ ಅದೇ ಪೈಕಿ ಅಲ್ಲೇನು?"

ಪ್ರೇಮಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಕುಲುಕಿತು. ಪಾಲಣ್ಣ ಓಡಿ ಬಂದ. "ನಗಬೇಡ್ರವ್ವೋ! ಹೊಲಿಗೆ ಬಿಟ್ಟುಹೋದೀತು!" ನಗು ಇಳಿದ ಮೇಲೆ ಪ್ರೇಮಮ್ಮ ಮೆಲ್ಲಗೆ "ಗೊತ್ತಾತು ಬಿಡ್ರಿ" ಅಂದು ಸುಮ್ಮನಾದರು.

ಸಂಜೆ ಬಟ್ಟಲು ತಂದೆ. ಒದ್ದೆ ಹತ್ತಿಯಲ್ಲಿ ಎತ್ತಿ ಅಜ್ಜಿಯ ಅಂಗೈಗೆ ಇಟ್ಟೆ. ಅಜ್ಜಿ ಇನ್ನೊಂದು ಕೈಯ ಬೆರಳಲ್ಲಿ ಅದರ ಸುತ್ತ ಸವರಿದಳು. ಬಿರುಕಿದೆಯೇನೋ ಅಂತ ಹುಡುಕಿದಳು. ಲೆಕ್ಕ ಹಾಕುವವಳಂತೆ ತುಟಿ ಅಲುಗುತ್ತಿತ್ತು.

"ಇಡಿಯಾಗಿ ಐತೆ."

"ಇಡಿಯಾಗಿದೆ ಅಜ್ಜಿ."

"ಅವರೆಕಾಳಿನಷ್ಟೂ ಇಲ್ಲವಲ್ಲೇ." ಅಂಗೈಯಲ್ಲಿ ಅದನ್ನು ಹೊರಳಿಸಿದಳು. "ಇಷ್ಟರೊಳಗೆ ಹೆಂಗೆ ಹಿಡಿಸ್ತು ಹನುಮಿ? ಹೊಳೆ, ಗುಡ್ಡ, ನಿಮ್ಮಜ್ಜನ ಮುಖ, ಎಲ್ಲಾ ಇದರೊಳಗಿಂದಲೇ ಹಾದು ಬಂತೇನು?"

ಈ ಪ್ರಶ್ನೆ ಯಾವ ಪುಸ್ತಕದಲ್ಲೂ ಇರಲಿಲ್ಲ.

ಪಕ್ಕದ ಹಾಸಿಗೆಯಿಂದ ಒಂದು ಕೈ ಗಾಳಿಯಲ್ಲಿ ತಡಕಾಡುತ್ತಾ ಬಂತು. "ನನ್ನದು ಎಲ್ಲಿ ಎಸೆದ್ರೋ, ನಾನು ಕೇಳಲಿಲ್ಲ. ಓಬವ್ವಾರೇ, ನನ್ನ ಕೈಗೂ ಒಂದೀಟು ಕೊಡ್ರಿ."

ಅಜ್ಜಿ ತಾನೇ ದಾಟಿಸಿದಳು. ಪ್ರೇಮಮ್ಮ ಹಿಡಿದುಕೊಂಡು "ಶಿವನೇ" ಅಂದರು. ವಾಪಸ್ ಕೊಡುವಾಗ ಎರಡು ಮುದಿ ಕೈಗಳು ಒಂದನ್ನೊಂದು ಹುಡುಕಿಕೊಂಡವು.

ಆಮೇಲೆ ಅಜ್ಜಿ ಹೇಳಿದ ಹಾಗೆ ಛತ್ರದ ಹಿಂದೆ ಮಣ್ಣು ಕೆದರಿ ಹೂತು ಬಂದೆ.

೧೯ ಜನವರಿ

ಅಜ್ಜಿಗೆ ಗಂಜಿ, ನನಗೆ ಕೆಲಸ. ಬರೆಯಲು ಹೊತ್ತಿಲ್ಲ.

೨೩ ಜನವರಿ

ಪಟ್ಟಿ ಬಿಚ್ಚಿದರು. ಡಾಕ್ಟರು ಸೋಡಾ ಬಾಟಲಿ ತಳದಂಥ ಕನ್ನಡಕವನ್ನು ಅಜ್ಜಿಯ ಮೂಗಿಗೆ ಏರಿಸಿದರು. ಅಜ್ಜಿ ನನ್ನನ್ನು ನೋಡಿದಳು. ನೋಡಿದಳು. ನೋಡಿದಳು.

"ಇದೇನೇ ಹನುಮಿ, ಇಷ್ಟು ದೊಡ್ಡ ಮೂಗು ಯಾರದ್ದೇ ತಂದೆ?"

ಕನ್ನಡಕದಲ್ಲಿ ಎಲ್ಲಾ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತಂತೆ. ಲೋಟ ಹಿಡಿಯಲು ಹೋದರೆ ಕೈ ಈಚೆಯೇ ನಿಲ್ಲುತ್ತದೆ. ಮಾವ ಮುಖ ತಿರುಗಿಸಿಕೊಂಡು ಅಳುತ್ತಿದ್ದ. ಪ್ರೇಮಮ್ಮ ಹೋಗುವಾಗ ಅಜ್ಜಿಯ ಎದುರು ನಿಂತು, ಕನ್ನಡಕದೊಳಗಿಂದ ನಿಧಾನಕ್ಕೆ ಮೇಲಿಂದ ಕೆಳಗೆ ನೋಡಿದರು. "ನೀವೇನಾ?" ಅಂದರು. "ನಾನೇ" ಅಂದಳು ಅಜ್ಜಿ. ಇಬ್ಬರೂ ನಕ್ಕರು. ಈ ಸಲ ಪಾಲಣ್ಣ ಬೈಯಲಿಲ್ಲ.

೧೦ ಫೆಬ್ರವರಿ, ದಾವಣಗೆರೆ

ತಲೆಯ ಭಾಗದ ಡಿಸೆಕ್ಷನ್ ಶುರುವಾಗಿದೆ. ಕಣ್ಣಿನ ಗೂಡು ನಮ್ಮ ಟೇಬಲ್‌ಗೆ ಬಂತು. ನಾನು ಮಾಡುತ್ತೇನೆ ಅಂದೆ. ಮಧ್ಯಾಹ್ನ ಊಟದ ಬೆಲ್ ಹೊಡೆದದ್ದು ಕೇಳಿಸಲಿಲ್ಲ, ಅನ್ನ ಆರಿ ಹೋಗಿತ್ತು. ಸಾರು ಚೆನ್ನಾಗಿರಲಿಲ್ಲ.

೪ ಮಾರ್ಚ್, ನ್ಯಾಮತಿ

ಅಜ್ಜಿ ಒಬ್ಬಳೇ ಬಯಲಿಗೆ ಹೋಗುತ್ತಾಳೆ, ಚೊಂಬು ಬೀಸಿಕೊಂಡು. ಅತ್ತೆ ಕರೆದರೂ ನಿಲ್ಲುವುದಿಲ್ಲ.

ಆದರೆ ಮೊನ್ನೆ ಬಗ್ಗಿದಾಗ ಕನ್ನಡಕ ಜಾರಿ ಬಿತ್ತಂತೆ. ಅಷ್ಟೇ, ಲೋಕವೇ ಕರಗಿ ಹೋಯಿತಂತೆ. ನೆಲ ತಡವುತ್ತಾ ಬಿಸಿಲೇರುವವರೆಗೆ ಕೂತಿದ್ದಳು. ದನ ಹೊಡೆದುಕೊಂಡು ಬಂದ ಹೆಂಗಸು ಹುಡುಕಿಕೊಟ್ಟಳು. ಈಗ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾಳೆ.

"ನಂಗೆ ಕಣ್ಣು ಇರೋದು ಮುಖದಾಗಲ್ಲ ಕಣೇ, ಮೂಗಿನ ಮೇಲೆ. ಬಿದ್ರೆ ಹೋತು." ಆಮೇಲೆ ಕೇಳಿದಳು: "ಆ ಕಾಳು ತೆಗೆದ ಜಾಗದಾಗೆ ಈಗ ಏನೈತೆ?"

"ಏನೂ ಇಲ್ಲ ಅಜ್ಜಿ. ನೀರು."

"ಖಾಲಿ ಬಿಟ್ರೇನು?"

ಹೌದಲ್ಲ. ತೆಗೆಯುವುದು ಹೇಗೆ ಅಂತ ಎರಡು ಸಾವಿರ ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ಇಡುವುದು?

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ.

೯ ಮಾರ್ಚ್, ದಾವಣಗೆರೆ

ಬೆಳಿಗ್ಗೆ ಅನಾಟಮಿ ಕ್ಲಾಸಿನಲ್ಲಿ ಕೈ ಎತ್ತಿ ಕೇಳಿದೆ: ತೆಗೆದ ಜಾಗದಲ್ಲಿ ಬೇರೆ ಲೆನ್ಸ್ ಇಡಬಹುದೇ? ಪ್ರೊಫೆಸರ್ "ಗೊತ್ತಿಲ್ಲ, ಲೈಬ್ರರಿ ನೋಡು" ಅಂದರು. ನೋಡಿದೆ. ದಪ್ಪ ಪುಸ್ತಕದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ.

ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ವಿಮಾನ ಹಾರಿಸುವವರ ಕಣ್ಣಿಗೆ ವಿಮಾನದ ಮುಂದಿನ ಗಾಜಿನ ಚೂರು ಸಿಡಿದು ಹೊಕ್ಕಿತ್ತು. ನಿಜವಾದ ಗಾಜಲ್ಲ, ಒಂಥರಾ ಪ್ಲಾಸ್ಟಿಕ್. ಕಣ್ಣು ಅದನ್ನು ಸಹಿಸಿಕೊಂಡು ಸುಮ್ಮನಿತ್ತು. ರಿಡ್ಲಿ ಅನ್ನುವ ಡಾಕ್ಟರು ಅದನ್ನು ಗಮನಿಸಿ, ಅದೇ ಪ್ಲಾಸ್ಟಿಕ್ಕಿನಲ್ಲಿ ಒಂದು ಲೆನ್ಸ್ ಮಾಡಿಸಿ, ೧೯೪೯ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿನ ಕಣ್ಣೊಳಗೆ ಇಟ್ಟರು. ಒಳಗೆ! ಎಷ್ಟೋ ಜನರಿಗೆ ತೊಂದರೆಯಾಗಿ ವಾಪಸ್ ತೆಗೆಯಬೇಕಾಯಿತು, ಈ ಪದ್ಧತಿ ಅಪಾಯ ಅಂತ ಪುಸ್ತಕ ಬರೆದವರು ಎಚ್ಚರಿಸಿದ್ದಾರೆ. ಪುಸ್ತಕ ಹಳೆಯದು. ಆಮೇಲೆ ಏನಾಯಿತು ಅಂತ ಇಲ್ಲ.

ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ. ಲೈಬ್ರರಿಯವರು ಬಾಗಿಲು ಹಾಕಲು ಬಂದು ಕೆಮ್ಮಿದರು.

ಇನ್‌ಲ್ಯಾಂಡ್ ಲೆಟರ್ ತಂದಿದ್ದೇನೆ. ಅದರ ಮೇಲೆ ಚಿತ್ತು ಮಾಡಬಾರದು, ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.

ಡಾಕ್ಟರ್ ಷಣ್ಮುಖಪ್ಪನವರಿಗೆ, ಹೊನ್ನಾಳಿ ಕ್ಯಾಂಪಿನಲ್ಲಿ ಟಾರ್ಚ್ ಹಿಡಿದಿದ್ದ ಹನುಮಂತಮ್ಮ ಮಾಡುವ ನಮಸ್ಕಾರಗಳು. ನೀವು ನಮ್ಮ ಅಜ್ಜಿ ಓಬವ್ವನ ಬಲಗಣ್ಣಿನಿಂದ ಕಾಳು ತೆಗೆದ ಜಾಗ ಖಾಲಿ ಇದೆ. ಅಲ್ಲಿ ಇನ್ನೊಂದನ್ನು ಇಡಬಹುದು ಅಂತ ಪುಸ್ತಕದಲ್ಲಿ ಓದಿದೆ. ನಮ್ಮ ದೇಶದಲ್ಲಿ ಯಾರಾದರೂ ಇಡುತ್ತಾರೆಯೇ? ಇಟ್ಟರೆ ಕಣ್ಣು ಅದನ್ನು ಸಹಿಸುತ್ತದೆಯೇ? ಅಜ್ಜಿಗೆ ಇರುವುದು ಒಂದೇ ಕಣ್ಣು, ಆದ್ದರಿಂದ ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂತಲೇ ಬರೆಯಿರಿ, ನಾನು ಅವಳಿಗೆ ಹಾಗೇ ಹೇಳುತ್ತೇನೆ. ಇಡುವವರು ಯಾರೂ ಇಲ್ಲದಿದ್ದರೆ, ಅದನ್ನು ಕಲಿಯಲು ನಾನು ಏನು ಓದಬೇಕು, ಎಲ್ಲಿಗೆ ಹೋಗಬೇಕು, ತಿಳಿಸಿ. ಅಜ್ಜಿಗೆ ವಯಸ್ಸಾಗಿದೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.